ದೇವರಿದ್ದಾನೆ ಎಂಬ ವಾದವನ್ನು ಬಿಡಿಸಿ ನೋಡುವ ಬಗೆ

ಮೊದಲು ವಾದವನ್ನು ಹಾಳೆಗೆ ಇಳಿಸಿ. ಬಾಯಲ್ಲಿ ನುಣುಚಿಕೊಳ್ಳುವ ಮಾತು ಬರಹದಲ್ಲಿ ಸಿಕ್ಕಿಬೀಳುತ್ತದೆ. ಭಾರತೀಯ ತರ್ಕಪರಂಪರೆಯಾದ ನ್ಯಾಯದರ್ಶನ ಅನುಮಾನಕ್ಕೆ, ಎಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವ ತರ್ಕಕ್ಕೆ, ಐದು ಅವಯವ (ಭಾಗ) ಹೇಳುತ್ತದೆ. ಪರೀಕ್ಷೆಗೆ ಮೊದಲ ಮೂರೇ ಸಾಕು. ಪ್ರತಿಜ್ಞೆ (ಸಾಧಿಸಬೇಕಾದ ಮಾತು): ಭೂಮಿ, ಮೊಳಕೆ ಮುಂತಾದವಕ್ಕೆ ಕರ್ತೃ ಇದ್ದಾನೆ. ಹೇತು (ಅದಕ್ಕೆ ಕೊಡುವ ಕಾರಣ): ಅವು ಕಾರ್ಯಗಳು, ಎಂದರೆ ಹಿಂದೆ ಇಲ್ಲದೆ ಆಮೇಲೆ ಉಂಟಾದವು. ಉದಾಹರಣೆ: ಮಡಕೆ.

ಈಗ ಹೇತುವನ್ನು ಹಿಡಿಯಿರಿ. ಭೂಮಿ ನಿಜಕ್ಕೂ ಕಾರ್ಯವೇ? ವೇದವಾಕ್ಯಗಳ ಅರ್ಥವಿಚಾರ ಮಾಡುವ ಮೀಮಾಂಸಕರು ಇದನ್ನೇ ಒಪ್ಪಲಿಲ್ಲ. ಬಿಡಿ ಭಾಗಗಳಿಂದ ಕೂಡಿದ್ದೆಲ್ಲ ಕಾರ್ಯ ಎಂಬುದು ನೈಯಾಯಿಕರ (ನ್ಯಾಯದರ್ಶನದವರ) ಉತ್ತರ.

ಇದನ್ನು ದಾಟಿದರೆ ವ್ಯಾಪ್ತಿ, ಎಂದರೆ ಹೇತುವಿಗೂ ಸಾಧಿಸಬೇಕಾದದ್ದಕ್ಕೂ ಇರುವ ತಪ್ಪದ ನಂಟು: ಕಾರ್ಯವಿದ್ದಲ್ಲೆಲ್ಲ ಕರ್ತೃ ಇದ್ದೇ ಇರುತ್ತಾನೆಯೇ? ಹೆಚ್ಚಿನ ಪೆಟ್ಟು ಬೀಳುವುದು ಇಲ್ಲೇ, ಹೊಸಬರು ಎಡವುವುದೂ ಇಲ್ಲೇ. ಬಿತ್ತದೆ ಬೆಳೆದ ಹುಲ್ಲನ್ನು ಎದುರು ತಂದರೆ ಪ್ರಯೋಜನವಿಲ್ಲ. ಹುಲ್ಲೂ ಮೊಳಕೆಯ ಸಾಲಿನದೇ, ಅದರ ಕರ್ತೃವಿನ ಬಗ್ಗೆಯೇ ಜಗಳ ನಡೆದಿರುವುದು. ಬದಲಿಗೆ ಉಪಾಧಿಯನ್ನು, ಎಂದರೆ ಆ ನಂಟಿನ ಹಿಂದೆ ಅಡಗಿರುವ ಷರತ್ತನ್ನು, ಹುಡುಕಿ. ಅದು ಸಾಧ್ಯ (ಸಾಧಿಸಬೇಕಾದದ್ದು, ಇಲ್ಲಿ ಕರ್ತೃ) ಇರುವಲ್ಲೆಲ್ಲ ಇರಬೇಕು, ಹೇತುವಿರುವಲ್ಲೆಲ್ಲ ಇರಬಾರದು. ಮಡಕೆ, ಬಟ್ಟೆ, ಮನೆ ಮಾಡಿದವರಿಗೆಲ್ಲ ಶರೀರವಿದೆ. ಮೊಳಕೆಯನ್ನು ಶರೀರಿಯೊಬ್ಬ ಮಾಡಿದ್ದು ಯಾರಿಗೂ ಕಂಡಿಲ್ಲ. ಹಾಗಾದರೆ ಕರ್ತೃವನ್ನು ತೋರಿಸುವುದು ‘ಕಾರ್ಯ’ವಲ್ಲ, ‘ಶರೀರಿಯಿಂದಾದ ಕಾರ್ಯ’. ನೈಯಾಯಿಕರೂ ಸುಮ್ಮನಿರುವುದಿಲ್ಲ: ಜ್ಞಾನ, ಇಚ್ಛೆ, ಪ್ರಯತ್ನವಿದ್ದರೆ ಕರ್ತೃತ್ವ ಬಂತು, ಶರೀರ ಬೇಡ ಎನ್ನುತ್ತಾರೆ. ಈ ಉತ್ತರವನ್ನೂ ಹಾಳೆಯಲ್ಲಿ ಬರೆದುಕೊಳ್ಳಿ. ಎದುರಾಳಿಯ ಬಲವಾದ ಮಾತನ್ನು ಬಿಟ್ಟು ಗೆದ್ದದ್ದು ಗೆಲುವಲ್ಲ.

ಮುಂದಿನದು ಅಳತೆ. ಕರ್ತೃ ಸಿಕ್ಕನೆಂದೇ ಇಟ್ಟುಕೊಳ್ಳಿ. ಅವನು ಒಬ್ಬನೇ, ಸರ್ವಜ್ಞನೇ? ಅರಮನೆಯನ್ನು ಹಲವರು ಕೂಡಿ ಕಟ್ಟುತ್ತಾರೆ. ಪರಮ ಆಸ್ತಿಕರಾದ ರಾಮಾನುಜರೇ ಶ್ರೀಭಾಷ್ಯದಲ್ಲಿ ಈ ಅನುಮಾನವನ್ನು ಕೆಡವಿ, ಈಶ್ವರನಿಗೆ ಶಾಸ್ತ್ರವೇ ಪ್ರಮಾಣ ಎಂದರು. ವಾದ ಬಿದ್ದ ಮಾತ್ರಕ್ಕೆ ದೇವರು ಬಿದ್ದಂತಲ್ಲ.

‘ಆರಂಭವಿರುವ ಪ್ರತಿಯೊಂದಕ್ಕೂ ಕಾರಣವಿದೆ’ ಎಂದು ಶುರುವಾಗುವ ವಾದಕ್ಕೆ ‘ದೇವರನ್ನು ಮಾಡಿದವರ್ಯಾರು?’ ಎಂದು ಕೇಳುವುದು ಗುರಿತಪ್ಪಿದ ಬಾಣ. ಆ ದೇವರಿಗೆ ಆರಂಭವೇ ಇಲ್ಲ. ಜಗತ್ತಿಗೆ ಆರಂಭವಿತ್ತೆಂದು ಹೇಗೆ ಗೊತ್ತು ಎಂದು ಕೇಳಿ.

11ನೇ ಶತಮಾನದ ಕ್ರೈಸ್ತ ಚಿಂತಕ ಆನ್ಸೆಲ್ಮ್‌ನ ವಾದಕ್ಕೆ ಉಪಕರಣವೇ ಬೇರೆ. ಯಾವುದಕ್ಕಿಂತ ದೊಡ್ಡದನ್ನು ಕಲ್ಪಿಸಲಾಗದೋ ಅದು ಮನಸ್ಸಿನಲ್ಲಷ್ಟೇ ಇರಲಾರದು ಎನ್ನುವ ಅವನಿಗೆ ಮಡಕೆಯೂ ಬೇಡ, ವ್ಯಾಪ್ತಿಯೂ ಬೇಡ. ಇಲ್ಲಿ ಪದ ಬದಲಿಸಿ ನೋಡಿ. ಗೌನಿಲೋ ಎಂಬ ಸನ್ಯಾಸಿ ‘ಅತ್ಯುತ್ತಮ ದ್ವೀಪ’ವನ್ನು ತಂದಿಟ್ಟ, ಅದೇ ದಾರಿಯಲ್ಲಿ ದ್ವೀಪವೂ ಸಿದ್ಧವಾಗಿಬಿಟ್ಟಿತು. ದೋಷವಿದೆ ಎಂದಷ್ಟೇ ಇದು ತೋರಿಸುತ್ತದೆ, ಎಲ್ಲಿದೆ ಎಂದಲ್ಲ. ಅದನ್ನು 1781ರಲ್ಲಿ ಜರ್ಮನ್ ತತ್ತ್ವಜ್ಞಾನಿ ಕಾಂಟ್ ಗುರುತಿಸಲು ಯತ್ನಿಸಿದ: ‘ಇದೆ’ ಎಂಬುದು ವಸ್ತುವಿಗೆ ಕೂಡಿಸಬಹುದಾದ ಇನ್ನೊಂದು ಗುಣವಲ್ಲ.