ಕ್ಯಾನ್‌ವಾಸ್ ಬಿಟ್ಟು ಮಣ್ಣು ಹಿಡಿದೆ: ನನ್ನ ಅನುಭವ

ಒಳಗೆ ಕಂಬಿಯಿಲ್ಲ, ಪೂರ್ತಿ ಟೊಳ್ಳು, ಹೆಚ್ಚುಕಮ್ಮಿ 18 ಇಂಚು ಎತ್ತರದ, ಮಣ್ಣಿನಲ್ಲಿ ಮಾಡಿದ ಹೆಂಗಸಿನ ತಲೆ. ಮೂಗು, ಕಿವಿ, ತುರುಬು ಸಮೇತ ಕೂದಲೆಳೆಯಷ್ಟೂ ಬಿರುಕಿಲ್ಲದೆ ಸುಟ್ಟು ಬಂತು. ಆಮೇಲೆ ಇನ್ನೂ ಐದಾರು ತಲೆ ಹಾಗೇ ಬಂದವು, ಆದ್ದರಿಂದ ಅದೃಷ್ಟ ಅನ್ನುವ ಮಾತು ಬೇಡ. "ಬ್ರಷ್ ಹಿಡಿದ ಕೈಗೆ ಮಣ್ಣು ಒಗ್ಗಲ್ಲ, ಉಬ್ಬುಚಿತ್ರ ಮಾಡ್ಕೊಂಡಿರು" ಎಂದಿದ್ದ ಗೆಳೆಯರೇ ಮನೆಗೆ ಬಂದು, ಬೆರಳಲ್ಲಿ ತಟ್ಟಿ ನಾದ ಕೇಳಿಕೊಂಡು ಹೋದರು.

ಉಬ್ಬುಚಿತ್ರದಿಂದಲೇ ನಾನು ಶುರು ಮಾಡಿದ್ದು ನಿಜ. ನಮ್ಮ ಕೆ. ವೆಂಕಟಪ್ಪನವರು ಊಟಿಯ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದ ಕೈಯಲ್ಲೇ ಪ್ಲಾಸ್ಟರ್ ಉಬ್ಬುಶಿಲ್ಪ ಮಾಡಿದವರು. ಅವರನ್ನು ನೋಡಿಯೇ ಧೈರ್ಯ ಬಂದದ್ದು. ಆದರೆ ಪೂರ್ತಿ ತಲೆಗೆ ಕೈಯಿಟ್ಟಾಗ ಮುಖ ಚೆನ್ನಾಗಿ ಕೂರುತ್ತಿತ್ತು, ಕಿವಿಯ ಹಿಂದೆ ಎಲ್ಲ ಚಪ್ಪಟೆ. ಇದಕ್ಕೆ ದಾರಿ ಕೊಟ್ಟದ್ದು ಚಿತ್ರಕಲೆಯೇ. ಕೋಣೆ ಕತ್ತಲೆ ಮಾಡಿ, ಒಂದೇ ಬಲ್ಬ್ ಹಚ್ಚಿ, ತಲೆಯ ನೆರಳನ್ನು ಗೋಡೆಗೆ ಬೀಳಿಸಿ ಅಂಚನ್ನಷ್ಟೇ ತಿದ್ದುವುದು. ಹಲಗೆಯನ್ನು ಸ್ವಲ್ಪ ತಿರುಗಿಸಿ ಮತ್ತೆ ಅಂಚು. ಒಂದು ಸುತ್ತು ಮುಗಿಯುವಷ್ಟರಲ್ಲಿ ಹಿಂದಲೆ ತಾನಾಗಿ ತುಂಬಿಕೊಳ್ಳುತ್ತದೆ. ರೇಖೆ ಬಲ್ಲವನಿಗೆ ಇದಕ್ಕಿಂತ ಸುಲಭದ ದಾರಿ ನಾನು ಕಂಡಿಲ್ಲ.

ದುಡ್ಡು ಹೋದದ್ದು ಒಣಗಿಸುವಾಗ, ಸುಡುವಾಗ. ಕಂಬಿ ಕಟ್ಟಿ ಮಾಡಿದವು ಕತ್ತಿನಲ್ಲೇ ಸೀಳಿದವು. ಮಣ್ಣು ಕುಗ್ಗುತ್ತದೆ, ಕಂಬಿ ಕುಗ್ಗುವುದಿಲ್ಲ. ಗಟ್ಟಿಯಾಗಿ ಮಾಡಿ, ಎರಡು ಹೋಳು ಕೊಯ್ದು, ಒಳಗೆ ಕೆರೆದು ಸ್ಲಿಪ್ (ನೀರಲ್ಲಿ ಕದಡಿದ ಮಣ್ಣು) ಹಚ್ಚಿ ಕೂಡಿಸಿದವು ಹೊಲಿಗೆಯಲ್ಲೇ ಬಿಟ್ಟುಕೊಂಡವು. ಒಂದಂತೂ ಬೆಂಗಳೂರಿನ ಕುಂಬಾರರ ಬಡಾವಣೆ ಪಾಟರಿ ಟೌನ್‌ನ ಆವಿಗೆಯಲ್ಲಿ ಸಿಡಿದು ಪಕ್ಕದವರ ಹೂಕುಂಡಗಳನ್ನೂ ತೆಗೆದುಕೊಂಡು ಹೋಯಿತು. ಕುಂಡಗಳ ದುಡ್ಡು ನಾನೇ ಕೊಟ್ಟೆ, ಎರಡು ಸಾವಿರದ ಆಸುಪಾಸು. ಮಣ್ಣು, ಸೌದೆ, ಆಟೋ ಬಾಡಿಗೆ, ಒಡೆದವು ಎಲ್ಲ ಸೇರಿ ಎರಡು ವರ್ಷದಲ್ಲಿ 60–70 ಸಾವಿರ ಹೋಗಿರಬೇಕು. ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆ ಬದಿ ಕೂತು ಚಿತ್ರ ಮಾರಿ ಬಂದದ್ದನ್ನೆಲ್ಲ ಇದಕ್ಕೇ ಸುರಿದೆ.

ಈಗ ಮಾಡುವುದು ಹೀಗೆ: ಮಣ್ಣನ್ನು ಬತ್ತಿಯಂತೆ ಹೊಸೆದು, ಬುಡದಿಂದಲೇ ಸುತ್ತಿ ಸುತ್ತಿ ಟೊಳ್ಳಾಗಿಯೇ ಎಬ್ಬಿಸುವುದು. ಗೋಡೆ ಎಲ್ಲ ಕಡೆ ಒಂದು ಬೆರಳು ದಪ್ಪ, ಮೂಗಿನ ಒಳಗೂ ಅಷ್ಟೇ. ಮಣ್ಣಿಗೆ ಐದರಲ್ಲಿ ಒಂದು ಪಾಲು ಸುಟ್ಟ ಇಟ್ಟಿಗೆ ಪುಡಿ, ರವೆಯಷ್ಟು ದಪ್ಪ ಇರಬೇಕು. ಜೊತೆಗೆ ನೆನೆಸಿ ರುಬ್ಬಿದ ಹಳೇ ಪೇಪರ್ ಒಂದೆರಡು ಹಿಡಿ. ಇನ್ನೊಂದು ಪದಾರ್ಥವೂ ಬೀಳುತ್ತದೆ, ಅದು ನನ್ನ ಹತ್ತಿರವೇ ಇರಲಿ. ಪೇಪರ್ ಹಾಕಿದ ಮಣ್ಣನ್ನು ಹೆಚ್ಚು ದಿನ ಇಡಬೇಡಿ, ಕೊಳೆತು ನಾರುತ್ತದೆ.

ಗಾಳಿಗುಳ್ಳೆಯಿಂದ ಸಿಡಿಯುತ್ತದೆ ಅನ್ನುತ್ತಾರೆ. ನಾನು ಬೇಕೆಂದೇ ಗುಳ್ಳೆ ಬಿಟ್ಟ ಉಂಡೆಗಳನ್ನು ಮಾಡಿ, ಚೆನ್ನಾಗಿ ಒಣಗಿಸಿ ಸುಟ್ಟೆ, ಏನೂ ಆಗಲಿಲ್ಲ. ಸಿಡಿಸುವುದು ಒಳಗೆ ಉಳಿದ ತೇವ, ಅದು ಆವಿಯಾಗಿ ಹೊರಬರಲು ದಾರಿ ಸಿಗದಿದ್ದಾಗ. ಆದ್ದರಿಂದ ಪ್ಲಾಸ್ಟಿಕ್ ಹೊದಿಸಿ ಮೂರು ವಾರ ನಿಧಾನಕ್ಕೆ ಆರಿಸುತ್ತೇನೆ, ಆಗಸ್ಟ್‌ನಲ್ಲಾದರೆ ಇನ್ನೂ ಹೆಚ್ಚು. ತಲೆಯನ್ನು ಕೆನ್ನೆಗೆ ಹಿಡಿದು ನೋಡಿ: ತಣ್ಣಗಿದ್ದರೆ ಇನ್ನೂ ಒಣಗಿಲ್ಲ. ಆವಿಗೆಯಲ್ಲಿ ಮೊದಲ ನಾಲ್ಕೈದು ಗಂಟೆ ಸಣ್ಣ ಉರಿ, 573 ಡಿಗ್ರಿ ದಾಟುವಾಗಲೂ ಅವಸರ ಬೇಡ, ಮಣ್ಣಿನೊಳಗಿನ ಬೆಣಚು ಅಲ್ಲಿ ಥಟ್ಟನೆ ಹಿಗ್ಗುತ್ತದೆ. ಆವಿಗೆ ತಣ್ಣಗಾಗುವಾಗ ಅದೇ 573ರ ಹತ್ತಿರ ಇನ್ನೂ ಹುಷಾರಾಗಿರಬೇಕು. ಕೊನೆಗೆ 900 ದಾಟಿದರೆ ಸಾಕು.

ಬಣ್ಣದ ಚಟ ಬಿಡಲಿಲ್ಲ. ಅಕ್ರಿಲಿಕ್ ಬಳಿದರೆ ಮಣ್ಣಿನ ಚರ್ಮವೇ ಮುಚ್ಚಿಹೋಗುತ್ತದೆ, ನನಗೆ ಒಪ್ಪಿಗೆಯಿಲ್ಲ. ಕೆಂಗೇರಿ ಕಡೆ ಅಪಾರ್ಟ್‌ಮೆಂಟಿಗೆ ತೋಡಿದ ಪಾಯದ ಕೆಮ್ಮಣ್ಣು ತಂದು, ಪಂಚೆಯಲ್ಲಿ ಸೋಸಿ, ಹಸಿ ತಲೆಗೆ ಹಚ್ಚಿದೆ. ಸುಟ್ಟ ಮೇಲೆ ಬಂದ ಕೆಂಪು ಯಾವ ಟ್ಯೂಬಿನಲ್ಲೂ ನನಗೆ ಸಿಕ್ಕಿರಲಿಲ್ಲ. ಸುಟ್ಟ ತಲೆಯನ್ನು ಡ್ರಮ್ಮಿನಲ್ಲಿ ಮರದ ಹೊಟ್ಟಿನ ನಡುವೆ ಇಟ್ಟು ಹೊಗೆ ಕೊಟ್ಟರೆ ಒಳ್ಳೆ ಕಪ್ಪು. ರಾಗಿ ಹುಲ್ಲಿನಲ್ಲೂ ನೋಡಿದೆ, ಪಟ್ಟೆಪಟ್ಟೆಯಾಗಿ ಬಂತು. ಅದೇ ಮೊದಲು ಮಾರಾಟವಾಯಿತು, 12 ಸಾವಿರಕ್ಕೆ.

ಈಗ ತಲೆಯಿಂದ ಸೊಂಟದವರೆಗಿನ, ನಿಜವಾದ ಆಳಿನ ಅಳತೆಯ ಮೂರ್ತಿ ಮೂರು ತುಂಡಿನಲ್ಲಿ ನಡೆದಿದೆ. ನನ್ನ ಮಣ್ಣು ಹತ್ತರಲ್ಲಿ ಒಂದು ಪಾಲು ಕುಗ್ಗುತ್ತದೆ, ಅದಕ್ಕೆ ತಕ್ಕಷ್ಟು ದೊಡ್ಡದಾಗಿಯೇ ಹಿಡಿದಿದ್ದೇನೆ. ಮಳೆ ಹಿಡಿಯುವ ಮುಂಚೆ ಮೂರನ್ನೂ ಒಂದೇ ಆವಿಗೆಗೆ ಏರಿಸಬೇಕು.