ಸುಯುಕ್: ಕೊರಿಯಾ ಶೈಲಿಯ ಬೇಯಿಸಿದ ಹಂದಿ ಮಾಂಸ

ಕೊರಿಯಾದಲ್ಲಿ ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿಗೆ ಚಳಿಗಾಲದ ಕಿಮ್ಚಿ (ಖಾರ ಬೆರೆಸಿ ಹುದುಗಿಸುವ ಎಲೆಕೋಸು) ಹಾಕುತ್ತಾರೆ. ಆ ದಿನ ಒಲೆಯ ಮೇಲೆ ಸುಯುಕ್ ಬೇಯುತ್ತಿರುತ್ತದೆ. ಆಗಷ್ಟೇ ಕಲಸಿದ ಕಿಮ್ಚಿ ಎಲೆಯಲ್ಲಿ ಬಿಸಿ ಮಾಂಸ ಸುತ್ತಿ ತಿನ್ನುತ್ತಾರೆ. ಉಪ್ಪಿನಲ್ಲಿ ಬಾಡಿಸಿದ ಚೀನಾ ಎಲೆಕೋಸು, ಖಾರದ ಮೂಲಂಗಿ ಜೊತೆಗಿಟ್ಟು ಬಡಿಸಿದರೆ ಅದೇ ಬೊಸ್ಸಾಮ್. ಮಾಂಸಕ್ಕೆ ಮಸಾಲೆ ಮೆತ್ತುವ ಅಡುಗೆ ಇದಲ್ಲ. ತುಂಡಿನ ಆಯ್ಕೆ, ಉರಿಯ ಹದ, ಇವೆರಡು ಸರಿಯಿದ್ದರೆ ಮುಕ್ಕಾಲು ಕೆಲಸ ಮುಗಿದಂತೆ.

ಕೊಬ್ಬು ಇಷ್ಟವಿದ್ದವರಿಗೆ ಹೊಟ್ಟೆಯ ಭಾಗ, ಸ್ವಲ್ಪ ಕಡಿಮೆ ಸಾಕೆನ್ನುವವರಿಗೆ ಕುತ್ತಿಗೆ ಅಥವಾ ಮುಂಗಾಲಿನ ಭಾಗ. ಸೊಂಟದ ಬರೀ ಮಾಂಸ ಬೇಡ, ಎಷ್ಟು ಜೋಪಾನ ಮಾಡಿದರೂ ನಾರುನಾರಾಗುತ್ತದೆ. ನಾಲ್ವರಿಗೆ ಒಂದು ಕಿಲೋ ತೆಗೆದುಕೊಂಡು, ಆರೇಳು ಸೆಂಟಿಮೀಟರ್ ದಪ್ಪದ ಎರಡು ಉದ್ದ ತುಂಡು ಮಾಡಿ. ಇದಕ್ಕಿಂತ ಚಿಕ್ಕದಾಗಿ ಕತ್ತರಿಸಿದರೆ ರಸವೆಲ್ಲ ನೀರಿಗೆ ಹೋಗುತ್ತದೆ.

ಎರಡು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ದೊಯೆನ್‌ಜಾಂಗ್ (ಹುದುಗಿಸಿದ ಸೋಯಾ ಪೇಸ್ಟ್) ಕದಡಿ. ಅರ್ಧ ಮಾಡಿದ ಒಂದು ಈರುಳ್ಳಿ, ದಪ್ಪ ಈರುಳ್ಳಿ ಸೊಪ್ಪಿನ ಬಿಳಿ ಭಾಗ, ಎಂಟು ಎಸಳು ಬೆಳ್ಳುಳ್ಳಿ, ಹೆಬ್ಬೆರಳಿನಷ್ಟು ಶುಂಠಿ, ಒಂದು ಚಿಕ್ಕ ಚಮಚ ಕಾಳುಮೆಣಸು, ಎರಡು ಬೇ ಎಲೆ, ಅರ್ಧ ಕಪ್ ಸೋಜು (ಕೊರಿಯಾದ ಮದ್ಯ) ಹಾಕಿ. ಒಂದು ಚಿಕ್ಕ ಚಮಚ ಇನ್‌ಸ್ಟಂಟ್ ಕಾಫಿ ಪುಡಿ ಸೇರಿಸುವುದು ಅಲ್ಲಿನ ಮನೆಗಳಲ್ಲಿ ಮಾಮೂಲು: ಹಸಿ ವಾಸನೆ ಅಡಗುತ್ತದೆ, ಬಣ್ಣವೂ ಬರುತ್ತದೆ. ಅದಕ್ಕಿಂತ ಹೆಚ್ಚಾದರೆ ಕಹಿ. ಬೇರೆ ಉಪ್ಪು ಬೇಕಿಲ್ಲ.

ನೀರು ಚೆನ್ನಾಗಿ ಕುದಿ ಬಂದ ಮೇಲೆ ಮಾಂಸ ಬಿಡಿ. ಮೊದಲ ಹತ್ತು ನಿಮಿಷ ಮುಚ್ಚಳ ತೆಗೆದು ಜೋರಾಗಿ ಕುದಿಸಿ; ವಾಸನೆ ಆವಿಯ ಜೊತೆ ಹೋಗುವುದು ಈ ಹೊತ್ತಿನಲ್ಲೇ. ಮೇಲೆ ಬಂದ ನೊರೆ ತೆಗೆದು, ಉರಿ ಸಣ್ಣದು ಮಾಡಿ, ಮುಚ್ಚಳ ಓರೆಯಾಗಿಡಿ. ಇನ್ನು ನೀರು ಕುದಿಯಬಾರದು; ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಗುಳ್ಳೆ ಎದ್ದರೆ ಸಾಕು. ಹೊಟ್ಟೆಯ ಭಾಗಕ್ಕೆ ಹೀಗೆ ನಲವತ್ತು ನಿಮಿಷ, ಮುಂಗಾಲಿಗೆ ಐವತ್ತರಿಂದ ಅರವತ್ತು. ಹೆಚ್ಚಿನವರು ಕೆಡಿಸುವುದು ಇಲ್ಲೇ. ಬೇಗ ಆಗಲೆಂದು ಜೋರು ಉರಿ ಇಟ್ಟರೆ ಎಳೆಗಳು ಬಿಗಿದುಕೊಂಡು ರಸ ಹಿಂಡಿಬಿಡುತ್ತವೆ, ಹೊರಗೆ ಒಣಗಿ ಒಳಗೆ ಗಟ್ಟಿಯಾಗುತ್ತದೆ. ಎಳೆಗಳ ನಡುವಿನ ಕೊಲಾಜನ್ ಕರಗಿ ಮೆತ್ತಗಾಗಲು ಸಮಯವೇ ಬೇಕು, ಉರಿಯಲ್ಲ.

ಚಾಪ್‌ಸ್ಟಿಕ್ ಚುಚ್ಚಿ ನೋಡಿ. ಸಲೀಸಾಗಿ ಇಳಿದು, ಕೆಂಪು ನೀರು ಬರದಿದ್ದರೆ ಆಯಿತು. ಒಲೆ ಆರಿಸಿ, ಮುಚ್ಚಳ ಪೂರ್ತಿ ಹಾಕಿ, ಅದೇ ನೀರಿನಲ್ಲಿ ಹದಿನೈದು ನಿಮಿಷ ಬಿಡಿ. ತಕ್ಷಣ ಹೊರಗೆ ತೆಗೆದಿಟ್ಟರೆ ಮೇಲ್ಮೈ ಕಪ್ಪಾಗಿ ಒಣಗುತ್ತದೆ. ತೆಗೆದ ಮೇಲೂ ಐದು ನಿಮಿಷ ತಡೆದು, ಹರಿತವಾದ ಚಾಕುವಿನಿಂದ ಎಳೆಗೆ ಅಡ್ಡಲಾಗಿ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಕತ್ತರಿಸಿ. ಸುಡುಸುಡುವಾಗಲೇ ಚಾಕು ಹಾಕಿದರೆ ಕೊಬ್ಬಿನ ಪದರ ಬಿಟ್ಟುಕೊಂಡು ತುಂಡು ಪುಡಿಯಾಗುತ್ತದೆ.

ಜೊತೆಗೆ ಸೆಉಜೊತ್, ಅಂದರೆ ಉಪ್ಪಿನಲ್ಲಿ ಹುದುಗಿಸಿದ ಸಣ್ಣ ಸೀಗಡಿ, ಇರಲೇಬೇಕು. ಒಂದು ದೊಡ್ಡ ಚಮಚಕ್ಕೆ ಚಿಟಿಕೆ ಮೆಣಸಿನ ಪುಡಿ, ಸ್ವಲ್ಪ ಜಜ್ಜಿದ ಬೆಳ್ಳುಳ್ಳಿ, ಎಳ್ಳು ಬೆರೆಸಿ. ತುಂಬ ಉಪ್ಪು, ಒಂದು ತುಂಡಿಗೆ ಎರಡು ಮೂರು ಸೀಗಡಿ ಸಾಕು. ಮೂಲಂಗಿಗೆ: ಅರ್ಧ ಕಿಲೋ ಕಡ್ಡಿಯಂತೆ ಹೆಚ್ಚಿ, ಒಂದೊಂದು ದೊಡ್ಡ ಚಮಚ ಉಪ್ಪು, ಸಕ್ಕರೆ ಹಾಕಿ ಅರ್ಧ ಗಂಟೆ ಬಿಟ್ಟು ಗಟ್ಟಿಯಾಗಿ ಹಿಂಡಿ. ಆಮೇಲೆ ಮೂರು ಚಮಚ ಗೊಚುಗಾರು (ಕೊರಿಯಾದ ಮೆಣಸಿನ ಪುಡಿ), ಒಂದು ಚಮಚ ಮೀನಿನ ಸಾಸ್, ಬೆಳ್ಳುಳ್ಳಿ ಸೇರಿಸಿ ಕಲಸಿ. ಹಿಂಡುವುದರಲ್ಲಿ ಸೋಮಾರಿತನ ಮಾಡಿದರೆ ತಟ್ಟೆ ತುಂಬ ನೀರು.

ಉಳಿದದ್ದನ್ನು ಕತ್ತರಿಸದೆ, ಸ್ವಲ್ಪ ಬೆಂದ ನೀರಿನ ಜೊತೆ ಮುಚ್ಚಿ ಫ್ರಿಜ್‌ನಲ್ಲಿಡಿ, ಮೂರು ದಿನದೊಳಗೆ ತಿನ್ನಿ. ತಣ್ಣಗಿರುವಾಗಲೇ ತೆಳ್ಳಗೆ ಕತ್ತರಿಸಿ ಐದು ನಿಮಿಷ ಹಬೆಯಲ್ಲಿ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ.