ಡೈರಿಯಲ್ಲಿ ಬರೆದಿದ್ದನ್ನು ಅವರಿಗೇ ಹೇಳಿದಾಗ

ನಾನು ಶಿವಮೊಗ್ಗ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್. ಐವತ್ತು ದಾಟುತ್ತಿದ್ದಂತೆ ಬಿಪಿ ಬಂತು, ನಿದ್ದೆ ಹೋಯಿತು. ಮಲಗಿದ ತಕ್ಷಣ ಕಣ್ಣು ಹತ್ತುತ್ತಿತ್ತು. ಆದರೆ ನಡುರಾತ್ರಿ ಒಮ್ಮೆ ಎಚ್ಚರವಾದರೆ ಮುಗೀತು. ಮೀಟಿಂಗಲ್ಲಿ ಯಾರೋ ಆಡಿದ ಮಾತು, ಆನ್‌ಲೈನ್‌ನಲ್ಲಿ ಹಾಕದೆ ಉಳಿದ ಮಕ್ಕಳ ಮಾಹಿತಿ, ಮಗನ ಕೆಲಸದ ಚಿಂತೆ, ಎಲ್ಲ ಸರದಿ ಪ್ರಕಾರ ಬರುತ್ತಿದ್ದವು. ಬೆಳಿಗ್ಗೆ ಏಳುವಾಗ ದವಡೆ ನೋವು. ನಿದ್ದೆಯಲ್ಲೇ ಹಲ್ಲು ಕಡಿಯುತ್ತೀರಿ ಅಂದರು ಹಲ್ಲಿನ ಡಾಕ್ಟರು.

ಬಿಪಿ ಡಾಕ್ಟರು ಮಾತ್ರೆ ಬರೆದುಕೊಟ್ಟು, ಉಪ್ಪು ಕಡಿಮೆ ಮಾಡಿ, ದಿನಾ ನಡೆಯಿರಿ ಅಂದರು. ಡೈರಿಯ ವಿಷಯ ಹೇಳಿದ್ದು ನನ್ನ ತಂಗಿ. "ಅಕ್ಕ, ಮಲಗೋ ಮುಂಚೆ ಆವತ್ತು ಆದ ಮೂರು ಒಳ್ಳೇದನ್ನ ಬರಿ, ಸುಮ್ನೆ ಬರೆದು ನೋಡು" ಅಂದಳು. ಎಲ್‌ಐಸಿ ಏಜೆಂಟ್ ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಅದರಲ್ಲೇ ಶುರು ಮಾಡಿದೆ.

ಆ ಮೊದಲ ಪುಟಗಳನ್ನು ಈಗ ತೆಗೆದು ನೋಡಿದರೆ ನಗು ಬರುತ್ತದೆ. "ಆರೋಗ್ಯ. ಮಕ್ಕಳು. ಸರ್ಕಾರಿ ಕೆಲಸ." ಮರುದಿನ, "ಮಕ್ಕಳು. ಮನೆ. ಮಳೆ." ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ ಹಾಗೆ. ಬರೆದಿದ್ದು ಸುಳ್ಳೇನಲ್ಲ, ಆದರೆ ಮನಸ್ಸಿಗೆ ಏನೂ ತಾಗುತ್ತಿರಲಿಲ್ಲ. ಬರೆದು ಮುಗಿಸಿ ದೀಪ ಆರಿಸಿದರೆ ಅದೇ ಮೀಟಿಂಗು, ಅದೇ ಮಾತು.

ತಂಗಿಗೆ ಹೇಳಿದೆ. ಅವಳು ಹುಡುಕಿ ಕಳಿಸಿದ್ದು ಮಾರ್ಟಿನ್ ಸೆಲಿಗ್‌ಮನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರ ಬಗ್ಗೆ. ಅವರು ಮತ್ತು ಜೊತೆಯವರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಮೂರು ಸಂಗತಿಯ ಅಭ್ಯಾಸ ಇತ್ತು. ಒಂದು ವಾರ ಪ್ರತಿ ರಾತ್ರಿ ಬರೆಯಬೇಕು. ಆದರೆ ಒಂದೊಂದರ ಮುಂದೆಯೂ ಅದು ಯಾಕೆ ಆಯಿತು ಅಂತಲೂ ಬರೆಯಬೇಕು. ಹಾಗೆ ಬರೆದವರ ಗುಂಪಿನಲ್ಲಿ ಆರು ತಿಂಗಳಾದ ಮೇಲೂ ಖಿನ್ನತೆಯ ಲಕ್ಷಣಗಳು ಕಡಿಮೆ ಇದ್ದವಂತೆ. ನನ್ನ ತಂಗಿ ಆ "ಯಾಕೆ"ಯನ್ನೇ ಬಿಟ್ಟು ಹೇಳಿದ್ದಳು!

"ಯಾಕೆ" ಅಂತ ಕೇಳಿಕೊಂಡ ಮೇಲೆ ಪುಟದ ಚಹರೆಯೇ ಬದಲಾಯಿತು. "ಮಳೆ" ಅಂತ ಬರೆದರೆ ಯಾಕೆ ಅನ್ನುವುದಕ್ಕೆ ಉತ್ತರ ಇಲ್ಲ. "ಇವತ್ತು ನೆನೆಯದೆ ಮನೆಗೆ ಬಂದೆ" ಅಂತ ಬರೆದರೆ ಉತ್ತರ ಇದೆ. ಅಂಗಡಿಯ ಅಣ್ಣ ತಮ್ಮ ಕೊಡೆ ಕೊಟ್ಟು, ನಾಳೆ ತನ್ನಿ ಪರವಾಗಿಲ್ಲ ಅಂದಿದ್ದರು. ಹೀಗೆ ಪ್ರತಿ ಸಾಲಿನ ಹಿಂದೆ ಒಬ್ಬ ಮನುಷ್ಯ ಸಿಗತೊಡಗಿದ. ದಿನವೆಲ್ಲ ನನ್ನ ಸುತ್ತ ಇಷ್ಟು ಜನ ಇಷ್ಟು ಕೆಲಸ ಮಾಡುತ್ತಿದ್ದರು, ನನ್ನ ಕಣ್ಣಿಗೆ ಬಿದ್ದಿದ್ದು ಮಾತ್ರ ಮೀಟಿಂಗಿನ ಆ ಒಂದು ಮಾತು.

ಸ್ವಲ್ಪ ದಿನದಲ್ಲಿ ಇದೂ ಹಳತಾಯಿತು. ಆಮೇಲೆ ಓದಿದೆ, ಸಂಶೋಧಕರು ಇದನ್ನೂ ನೋಡಿದ್ದಾರೆ. ಸೋನಿಯಾ ಲ್ಯುಬೊಮಿರ್‌ಸ್ಕಿ ಮತ್ತು ಜೊತೆಗಾರರ ಒಂದು ಪ್ರಯೋಗದಲ್ಲಿ ಕೆಲವರು ವಾರಕ್ಕೆ ಒಂದು ಸಲ ಬರೆದರು, ಕೆಲವರು ಮೂರು ಸಲ. ಖುಷಿ ಹೆಚ್ಚಾಗಿದ್ದು ಒಂದು ಸಲ ಬರೆದವರಿಗೆ. ಜಾಸ್ತಿ ಬರೆದರೆ ಜಾಸ್ತಿ ಲಾಭ ಅಂತೇನಿಲ್ಲ. ನಾನು ಈಗ ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಬರೆಯುತ್ತೇನೆ, ಎರಡೋ ಮೂರೋ ಸಾಕು. ಮೊಬೈಲ್‌ನಲ್ಲಿ ಇದಕ್ಕೆ ಆ್ಯಪ್‌ಗಳಿವೆ. ನನಗೆ ಬೇಡ. ಮೊಬೈಲ್ ಕೈಗೆ ಬಂದರೆ ನಾನು ಬರೆಯಲ್ಲ, ಶಾಲೆಯ ವಾಟ್ಸ್ಆ್ಯಪ್ ಗ್ರೂಪ್ ನೋಡುತ್ತೇನೆ.

ನಿಜವಾದ ಬದಲಾವಣೆ ಆಗಿದ್ದು ಡೈರಿಯಿಂದ ಹೊರಗೆ. ಒಂದು ಮಳೆಗಾಲದಲ್ಲಿ ಆರನೇ ಕ್ಲಾಸಿನ ಹುಡುಗನೊಬ್ಬ ಜ್ವರ ಬಿಟ್ಟ ಮರುದಿನವೇ ಶಾಲೆಗೆ ಬಂದಿದ್ದ. ಅನ್ನ ಸಾಂಬಾರು ಮುಟ್ಟಲಿಲ್ಲ. ನಮ್ಮ ಬಿಸಿಯೂಟದ ಅಕ್ಕ ನೋಡಿದರು, ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಒಂದು ಹಿಡಿ ಅನ್ನಕ್ಕೆ ನೀರು ಹಾಕಿ, ಕುದಿಸಿ, ಸೌಟಿನ ಹಿಂಬದಿಯಿಂದ ಮಸೆದು, ಉಪ್ಪು ಹಾಕಿ ಗಂಜಿ ಮಾಡಿ ತಂದರು. ಅವನ ತಟ್ಟೆ ಬದಲಾಯಿಸಿ ಲೋಟದಲ್ಲಿ ಕೊಟ್ಟು, ಮಿಕ್ಕ ಮಕ್ಕಳಿಗೆ ಬಡಿಸಲು ಹೋದರು. ಯಾರೂ ಹೇಳಿರಲಿಲ್ಲ. ನಾನು ಅದನ್ನು ಬರೆದೆ. ಯಾಕೆ ಅನ್ನುವ ಕಡೆ, "ಅವರು ಪ್ರತಿ ತಟ್ಟೆಯನ್ನೂ ನೋಡುತ್ತಾರೆ" ಅಂತ ಬರೆದೆ. ಬರೆದ ಮೇಲೆ ಅನಿಸಿತು, ಇದನ್ನು ಡೈರಿಗೆ ಹೇಳಿ ಏನು ಪ್ರಯೋಜನ?

ನಮ್ಮಲ್ಲಿ ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಅನ್ನುತ್ತಾರೆ. ನೆನೆಯುತ್ತೇವೆ, ಮನಸ್ಸಿನಲ್ಲೇ. ಆಯುಧಪೂಜೆ ದಿನ ಮಿಕ್ಸಿಗೂ ಸ್ಕೂಟಿಗೂ ಕುಂಕುಮ ಇಡುತ್ತೇವೆ, ಮನುಷ್ಯರ ಮುಂದೆ ಬಾಯಿಬಿಟ್ಟು ಹೇಳಬೇಕಾದರೆ ನಾಲಿಗೆ ತಡವರಿಸುತ್ತದೆ. ನನಗೂ ಹಾಗೇ ಆಯಿತು. ಪಾತ್ರೆ ತೊಳೆಯುತ್ತಿದ್ದ ಅಕ್ಕನ ಹತ್ತಿರ ಹೋಗಿ, "ಆವತ್ತು ಆ ಹುಡುಗನಿಗೆ ಗಂಜಿ ಮಾಡಿಕೊಟ್ರಲ್ಲ, ನಾನು ನೋಡಿದೆ. ನೀವಲ್ಲದೆ ಬೇರೆ ಯಾರಿಗೂ ಅದು ಹೊಳೀತಿರಲಿಲ್ಲ" ಅಂದೆ. ಅವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. "ಯಾಕೆ ಮೇಡಂ, ಇನ್‌ಸ್ಪೆಕ್ಷನ್‌ಗೆ ಯಾರಾದ್ರೂ ಬರ್ತಿದ್ದಾರಾ?"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಅವರು ತಮ್ಮ ಮಗಳು ಚಿಕ್ಕವಳಿದ್ದಾಗಿನ ಕಥೆ ಹೇಳಿದರು, ಬೆಲ್ ಹೊಡೆಯುವ ತನಕ. ಇಷ್ಟು ವರ್ಷ ಒಂದೇ ಕಾಂಪೌಂಡಿನಲ್ಲಿ ಕೆಲಸ ಮಾಡಿದ್ದೇವೆ, ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಇದೇ ಇದೆ. ಕೃತಜ್ಞತೆಯ ಪತ್ರ ಬರೆಯುವವರು, ಅದನ್ನು ಓದುವವರಿಗೆ ಮುಜುಗರ ಆಗುತ್ತದೆ ಅಂತ ಜಾಸ್ತಿ ಎಣಿಸುತ್ತಾರೆ, ಖುಷಿ ಆಗುತ್ತದೆ ಅಂತ ಕಡಿಮೆ ಎಣಿಸುತ್ತಾರೆ. ಈಗ ಡೈರಿಯಲ್ಲಿ ಬರೆದಿದ್ದರಲ್ಲಿ ಒಂದನ್ನಾದರೂ, ಯಾರ ಬಗ್ಗೆ ಬರೆದೆನೋ ಅವರಿಗೇ ಆ ವಾರದಲ್ಲೇ ಹೇಳಿಬಿಡುತ್ತೇನೆ. "ನೀವು ತುಂಬಾ ಒಳ್ಳೆಯವರು" ಅಂತಲ್ಲ. ಏನು ಮಾಡಿದಿರಿ, ಅದರಿಂದ ನನಗೇನಾಯಿತು, ಅಷ್ಟೇ.

ಮೈಗೆ ಏನು ಲಾಭ ಆಯಿತು ಅಂತ ಎಲ್ಲರೂ ಕೇಳುತ್ತಾರೆ. ನಿದ್ದೆ ಸುಧಾರಿಸಿತು. ಈಗಲೂ ಎಚ್ಚರ ಆಗುತ್ತದೆ, ಆದರೆ ಮತ್ತೆ ನಿದ್ದೆ ಬರುತ್ತದೆ. ದವಡೆ ನೋವು ಕಡಿಮೆಯಾಗಿದೆ. ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕಲೊ ಅವರ 2003ರ ಅಧ್ಯಯನದಲ್ಲಿ ನರ ಮತ್ತು ಸ್ನಾಯುವಿನ ಕಾಯಿಲೆ ಇದ್ದವರು ಮೂರು ವಾರ ಹೀಗೆ ಬರೆದಾಗ ಜಾಸ್ತಿ ಹೊತ್ತು ನಿದ್ದೆ ಮಾಡಿದರಂತೆ. ಹಾಗಾಗಿ ನನ್ನ ನಿದ್ದೆಗೆ ಡೈರಿಯೂ ಕಾರಣ ಅಂತ ನಂಬುತ್ತೇನೆ. ಬಿಪಿ ವಿಷಯ ಬೇರೆ. ಹತೋಟಿಯಲ್ಲಿದೆ ನಿಜ, ಆದರೆ ಮಾತ್ರೆ ಬಿಟ್ಟಿಲ್ಲ, ಉಪ್ಪು ಕಡಿಮೆ ಮಾಡಿದ್ದೇನೆ, ಸಂಜೆ ನಡೆಯುತ್ತೇನೆ. ಇಷ್ಟೆಲ್ಲ ಮಾಡಿ ಹೆಸರನ್ನು ಡೈರಿಗೆ ಕೊಟ್ಟರೆ ಹೇಗೆ? ಡೈರಿ ನಂಬಿಕೊಂಡು ಮಾತ್ರೆ ಬಿಡಬೇಡಿ. ಮನಸ್ಸು ತೀರಾ ಕುಗ್ಗಿ, ಯಾವುದೂ ಬೇಡ ಅನ್ನಿಸುತ್ತಿರುವವರಿಗೆ "ಒಳ್ಳೇದನ್ನ ಬರಿ" ಅಂತ ಹೇಳುವುದೂ ಸರಿಯಲ್ಲ. ಮೂರು ಸಂಗತಿ ಸಿಗದಿದ್ದರೆ ಅದೂ ನನ್ನದೇ ತಪ್ಪು ಅಂದುಕೊಳ್ಳುತ್ತಾರೆ. ಅಂಥವರು ಡಾಕ್ಟರ ಹತ್ತಿರ ಹೋಗಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಮಾತು, ಇದು ಹೆಣ್ಣುಮಕ್ಕಳಿಗೆ. ನಮಗೆ ಚಿಕ್ಕಂದಿನಿಂದ "ಇರೋದರಲ್ಲಿ ಖುಷಿಪಡು" ಅಂತ ಹೇಳಿಕೊಂಡೇ ಬಂದಿದ್ದಾರೆ. ಆ ಮಾತಿಗೆ ಈ ಅಭ್ಯಾಸವನ್ನು ಸೇರಿಸಬೇಡಿ. ನನಗೆ ನೋವು ಮಾಡಿದವರ ಹೆಸರಿನ ಮುಂದೆ ನಾನು ಒತ್ತಾಯಕ್ಕೆ ಒಳ್ಳೇದನ್ನು ಹುಡುಕಲ್ಲ. ಮೀಟಿಂಗಿನಲ್ಲಿ ಅಂದವರಿಗೆ ಉತ್ತರವನ್ನು ಮೀಟಿಂಗಿನಲ್ಲೇ ಕೊಟ್ಟೆ. ಕಳೆದ ವರ್ಷ ಬಿಸಿಯೂಟದವರ ಗೌರವಧನ ತಡವಾದಾಗ ಆ ಅಕ್ಕ ಒಂದು ಅರ್ಜಿ ಬರೆಸಿಕೊಂಡು ಬಂದರು, ನೀವೂ ಸಹಿ ಹಾಕ್ತೀರಾ ಮೇಡಂ ಅಂದರು. ಗಂಜಿಯನ್ನು ಹೊಗಳಿದವಳು ಅರ್ಜಿಗೆ ಹಿಂದೆ ಸರಿದರೆ ಆಗುತ್ತಾ? ಓದಿ, ಎರಡು ಕಡೆ ತಾರೀಖು ತಿದ್ದಿ, ಸಹಿ ಹಾಕಿಕೊಟ್ಟೆ.